ಅವು ಅತಿಥಿಗಳಲ್ಲ

ನಮಸ್ಕಾರ. ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೊಡಗಿನ ಹಬ್ಬ ಕೈಲ್‌ಮುಹೂರ್ತ ಕಳೆದು ಮೂರು ವಾರ ಆಯಿತು. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ತೋಟದ ಮೂಲೆಯ ಅತ್ತಿಮರದಿಂದ ಆ ದನಿ ಕೇಳಿತು. ಚಿ-ಸ್ವೀ, ಚಿ-ಸ್ವೀ. ಕೈಯಲ್ಲಿದ್ದ ಕಾಫಿ ಅಲ್ಲೇ ಇಟ್ಟು ಅಂಗಳಕ್ಕೆ ಓಡಿದೆ.

ಪುಟ್ಟ ಉಲಿಯಕ್ಕಿ ಅದು. ಪುಸ್ತಕದಲ್ಲಿ ಗ್ರೀನಿಶ್ ವಾರ್ಬ್ಲರ್ ಅಂತಾರೆ. ಎಲೆಯ ಬಣ್ಣ, ಹುಬ್ಬಿನ ಮೇಲೊಂದು ತೆಳು ಗೆರೆ. ತೂಕ ಸುಮಾರು 8 ಗ್ರಾಂ. ಅಂದರೆ ಎರಡು ಚಿಕ್ಕ ಚಮಚ ಸಕ್ಕರೆಯಷ್ಟು! ಇದು ಮರಿ ಮಾಡುವುದು ಹಿಮಾಲಯದಿಂದ ಸೈಬೀರಿಯಾದವರೆಗೆ ಹರಡಿರುವ ಕಾಡುಗಳಲ್ಲಿ. ಅಲ್ಲಿಂದ ರಾತ್ರಿ ಹೊತ್ತು ಹಾರಿ ಹಾರಿ ನಮ್ಮ ಕೊಡಗಿಗೆ ಬರುತ್ತದೆ. ಇದೇ ವರ್ಷ ಹುಟ್ಟಿದ ಮರಿಗೆ ದಾರಿ ತೋರಿಸಲು ಅಪ್ಪ ಅಮ್ಮ ಜೊತೆಗಿರುವುದಿಲ್ಲ. ಆದರೂ ಬಂದು ಸೇರುತ್ತದೆ.

ಇಂಥ ಹಕ್ಕಿಗಳನ್ನು ನಾವು 'ಚಳಿಗಾಲದ ಅತಿಥಿ' ಅಂತೀವಿ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರಿಗೆ ಬಂದದ್ದು ಏಪ್ರಿಲ್ ತನಕ ಇಲ್ಲೇ. ಹುತ್ತರಿಗೂ ಇಲ್ಲೇ, ಕಾಫಿ ಕೊಯ್ಲಿಗೂ ಇಲ್ಲೇ, ಕಾಫಿ ಹೂ ಬಿಟ್ಟಾಗಲೂ ಇಲ್ಲೇ. ವರ್ಷದ ಅರ್ಧಕ್ಕಿಂತ ಜಾಸ್ತಿ ನಮ್ಮ ತೋಟದಲ್ಲಿ ಬದುಕುವ ಜೀವ ಅತಿಥಿ ಹೇಗಾಗುತ್ತದೆ?

ಬಂದದ್ದು ಸುಮ್ನೆ ಅಲೆಯುವುದೂ ಇಲ್ಲ. ಒಂದೊಂದು ಹಕ್ಕಿಯೂ ಕೆಲವು ಮರಗಳನ್ನು ತನ್ನದು ಅಂತ ಹಿಡಿದುಕೊಳ್ಳುತ್ತದೆ. ಬೇರೆಯದು ಬಂದರೆ ಅಟ್ಟುತ್ತದೆ. ಆ ಚಿ-ಸ್ವೀ ಅದರ ಬೇಲಿ. ಕಾಲಿಗೆ ಉಂಗುರ ಹಾಕಿ ನೋಡಿದವರಿಗೆ ಗೊತ್ತು, ಮರುವರ್ಷ ಅದೇ ಹಕ್ಕಿ ಅದೇ ಮರಗಳಿಗೆ ವಾಪಸ್ ಬರುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ, ನಿಮ್ಮ ತೋಟದ ಕೆಲಸಗಾರರ ಲೈನ್‌ಮನೆ ಹಿಂದಿನ ಆ ಒಂದು ಹಲಸಿನ ಮರಕ್ಕೆ!

ಆ ಮರ ಇಲ್ಲದಿದ್ದರೆ? ಸುತ್ತಲಿನ ಮರಗಳಿಗೆಲ್ಲ ಆಗಲೇ ಯಜಮಾನರಿದ್ದಾರೆ.

ಬೆಳೆಗಾರರ ಕಷ್ಟ ನನಗೂ ಗೊತ್ತು, ನಾನೂ ಬೆಳೆಗಾರನೇ. ಕಾಫಿಯ ನೆರಳಿಗೆ ಅಂತ ಹಳೆ ಮರಗಳ ಬದಲು ನೆಡುವ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಕರಿಮೆಣಸು ಹಬ್ಬಿಸಬಹುದು, ಕಡಿಯಲು ತಕರಾರು ಕಡಿಮೆ. ಆದರೆ ಅದು ಆಸ್ಟ್ರೇಲಿಯಾದ ಮರ. ಅತ್ತಿ, ಬಸರಿ, ಹಲಸು ಇರುವ ತೋಟದಲ್ಲಿ ಕಾಣುವಷ್ಟು ಬಗೆಯ ಹಕ್ಕಿ ಬರೀ ಸಿಲ್ವರ್ ಓಕ್ ಸಾಲಿನಲ್ಲಿ ಕಾಣುವುದಿಲ್ಲ. ಒಂದು ಸಲ ಎರಡೂ ಕಡೆ ಅರ್ಧ ಗಂಟೆ ನಿಂತು ಕೇಳಿ.

ಇನ್ನು ಕೆಲವು ದಿನಕ್ಕೆ ನವರಂಗ ಹಕ್ಕಿಯೂ ಬರುತ್ತದೆ, ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಿಂದ. ಒಂದು ವರ್ಷ ದಣಿದು ನಮ್ಮ ಜಗಲಿಯಲ್ಲೇ ಕೂತುಬಿಟ್ಟಿತ್ತು. ಬೆಕ್ಕಿನ ಭಯಕ್ಕೆ ಅಮ್ಮ ಬುಟ್ಟಿ ಕವುಚಿಟ್ಟರು. ಸಂಜೆ ಎತ್ತಿದಾಗ ಕುಪ್ಪಳಿಸುತ್ತಾ ಕಾಫಿ ಗಿಡದ ಬುಡಕ್ಕೆ ಹೋಗಿ ತರಗೆಲೆ ಕೆದಕತೊಡಗಿತು. ಅಮ್ಮ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದರು.

ನಮ್ಮ ಅತ್ತಿಮರದ ನೆರಳು ಜಾಸ್ತಿಯಾಯಿತು, ತೆಗೆಸಿಬಿಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ನಡೆಯುವುದು ಮೇ ತಿಂಗಳಲ್ಲಿ. ಆಗ ಹಕ್ಕಿ ಇಲ್ಲಿರುವುದಿಲ್ಲ, ಅದಕ್ಕೆ ತಿಳಿಯುವುದೂ ಇಲ್ಲ. ಹಾಗಾಗಿ ಗಸಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ: ಅಡ್ಡ ಬಂದ ಎರಡು ಕೊಂಬೆ ಸವರಿ ಸಾಕು, ಮರ ಮುಟ್ಟಬೇಡಿ.