ಕಾಮಾಗಳ ನಡುವೆ ಸಿಕ್ಕ ಮಳೆ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಕಾಫಿ ತೋಟದವರಿಬ್ಬರು ದಾರಿಯಲ್ಲಿ ಸಿಕ್ಕರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟು ಬಂತು?" ಮಳೆ ಅನ್ನುವ ಪದವೇ ಬೇಕಿಲ್ಲ. "ಒಂದು ಇಂಚು ನಲವತ್ತು ಸೆಂಟು" ಅಂದರೆ ಮುಗಿಯಿತು. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಶಾಲೆಯಲ್ಲಿ ಮಿಲಿಮೀಟರ್ ಕಲಿತವರೂ ತೋಟಕ್ಕಿಳಿದ ಮೇಲೆ ಸೆಂಟಿನಲ್ಲೇ ಮಾತಾಡುತ್ತಾರೆ, ನಾನೂ ಸೇರಿ.

ನಾಪೋಕ್ಲು ಕಡೆಯ ನಮ್ಮ ಮಾವ ದಿನಾ ಬೆಳಗ್ಗೆ ಅಂಗಳದ ಗೇಜು ನೋಡಿ ಡೈರಿಯಲ್ಲಿ ಬರೆದಿಡುವವರು. ಆ ಡೈರಿಗಳನ್ನು ಒಮ್ಮೆ ಕಂಪ್ಯೂಟರಿಗೆ ಹಾಕಿಸಿದರು. ಟೈಪು ಮಾಡಿದ ಹುಡುಗ ಚುರುಕು, ಆದರೆ ತಿಂಗಳಿಗೊಂದೇ ಸಾಲು ಮಾಡಿಟ್ಟ. ಒಂದೇ ಖಾನೆಯಲ್ಲಿ ತಿಂಗಳಿಡೀ ಮಳೆ, ನಡುನಡುವೆ ಕಾಮಾ. ಸೊನ್ನೆ, ಸೊನ್ನೆ, ಪಾಯಿಂಟ್ ಇಪ್ಪತ್ತು, ಒಂದು ಪಾಯಿಂಟ್ ನಲವತ್ತೈದು, ಹೀಗೆ. ಕಣ್ಣಿಗೆ ಚೆಂದ. ಆದರೆ "ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದದ್ದು ಯಾವತ್ತು?" ಎಂದು ಕೇಳಿದರೆ ಡೇಟಾಬೇಸು ಬಾಯಿ ಬಿಡುವುದಿಲ್ಲ. ಅದರ ಪಾಲಿಗೆ ಅದು ಮಳೆಯಲ್ಲ, ಅಕ್ಷರಗಳ ಉದ್ದನೆಯ ಒಂದು ಮಾಲೆ. ಒಂದು ಖಾನೆಗೆ ಒಂದೇ ಬೆಲೆ ಇರಬೇಕು ಅನ್ನುವ ನಿಯಮದ ಬೇರು ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧದಲ್ಲಿದೆ. ಹುಡುಗನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಸರಿ, ಒಡೆಯೋಣ ಎಂದು ಕೂತೆ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸು ತಂತ್ರಾಂಶದ 2016ರ ಆವೃತ್ತಿಯಿಂದ ಸ್ಟ್ರಿಂಗ್ ಸ್ಪ್ಲಿಟ್ ಎಂಬ ಫಂಕ್ಷನ್ ಇದೆ. ಮಾಲೆಯನ್ನೂ ಕಾಮಾವನ್ನೂ ಕೊಟ್ಟರೆ ತುಂಡಿಗೊಂದು ಸಾಲು ಉದುರಿಸುತ್ತದೆ. ಕ್ರಾಸ್ ಅಪ್ಲೈ ಎಂಬ ಆದೇಶ ಸೇರಿಸಿದರೆ ಪ್ರತಿ ತಿಂಗಳ ಪಕ್ಕದಲ್ಲೂ ಅದರದೇ ತುಂಡುಗಳು. ಎರಡು ಇಂಚು ದಾಟಿದ ದಿನ ಎಷ್ಟು ಅಂತ ಎಣಿಸಲು ಇಷ್ಟು ಸಾಕು. ನಮಗೆ ಬೇಕಾದದ್ದು ತಾರೀಖು. ಅದು ಆ ಮಾಲೆಯಲ್ಲಿ ಎಲ್ಲೂ ಬರೆದಿಲ್ಲ. ಹನ್ನೆರಡನೇ ತುಂಡು ಅಂದರೆ ಹನ್ನೆರಡನೇ ತಾರೀಖು, ಅಷ್ಟೇ ಆಧಾರ. ಒಡೆದ ಸಾಲುಗಳು ಅದೇ ಸರದಿಯಲ್ಲಿ ಬರುತ್ತವೆ ಅನ್ನುವ ಭರವಸೆಯನ್ನು ಆ ಫಂಕ್ಷನ್ ಕೊಡುವುದೇ ಇಲ್ಲ. ಹತ್ತು ಸಲ ಸರಿಯಾಗಿ ಬಂತೆಂದು ನಂಬಿ ಕೂರುವ ಹಾಗಿಲ್ಲ.

2022ರ ಆವೃತ್ತಿಯಲ್ಲಿ ಅದೇ ಫಂಕ್ಷನ್ನಿಗೆ ಮಾಲೆ, ಕಾಮಾ ಆದ ಮೇಲೆ ಮೂರನೆಯ ಜಾಗದಲ್ಲಿ "ಒಂದು" ಎಂದು ಕೊಟ್ಟರೆ ತುಂಡಿನ ಜೊತೆ ಅದರ ಸರದಿ ಸಂಖ್ಯೆಯೂ ಬರುತ್ತದೆ. ಅದರಲ್ಲಿ ಒಂದು ಕಳೆದು ತಿಂಗಳ ಮೊದಲ ದಿನಕ್ಕೆ ಕೂಡಿಸಿ, ತಾರೀಖು ಸಿಕ್ಕಿತು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ವಿತ್ ಆರ್ಡಿನ್ಯಾಲಿಟಿ ಅಂದರೆ ಇದೇ ಕೆಲಸ. ಮೈಎಸ್‌ಕ್ಯೂಎಲ್ ಎಂಬ ಮತ್ತೊಂದರಲ್ಲಿ ಹೀಗೆ ಒಡೆಯುವ ಸಿದ್ಧ ಫಂಕ್ಷನ್ ಇಲ್ಲ, ಜೇಸನ್ ಟೇಬಲ್ ಎಂಬ ಬೇರೆ ಫಂಕ್ಷನ್ನಿನ ಸುತ್ತುದಾರಿ ಹಿಡಿಯಬೇಕು.

ಇನ್ನೊಂದು ಪೇಚು. ಮಾವ ಊರಲ್ಲಿಲ್ಲದ ದಿನ ಮಾಲೆಯಲ್ಲಿ ಎರಡು ಕಾಮಾ ಒತ್ತೊತ್ತಾಗಿ ಬಿದ್ದಿವೆ, ನಡುವೆ ಖಾಲಿ. ಆ ಖಾಲಿಯನ್ನು ಎಸ್‌ಕ್ಯೂಎಲ್ ಸರ್ವರಿನಲ್ಲಿ ಫ್ಲೋಟ್ ಎಂಬ ದಶಮಾಂಶ ಸಂಖ್ಯೆ ಮಾಡಿದರೆ ತುಟಿಪಿಟಕ್ಕೆನ್ನದೆ ಸೊನ್ನೆಯಾಗುತ್ತದೆ. ಅಳೆಯದ ದಿನ ಒಣ ದಿನವಾಗಿಬಿಟ್ಟಿತು! ಹೂಮಳೆ ಬಿದ್ದು ವಾರ, ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅಂಥ ಮಾರ್ಚಿನಲ್ಲಿ ಈ ತಪ್ಪು ಸಣ್ಣದಲ್ಲ. ಹಾಗಾಗಿ ನಲ್ಇಫ್ ಎಂಬ ಫಂಕ್ಷನ್ ಹಾಕಿ ಮೊದಲೇ ಖಾಲಿಯನ್ನು ನಲ್, ಅಂದರೆ "ಬೆಲೆ ಗೊತ್ತಿಲ್ಲ", ಎಂದು ಮಾಡಿಕೊಂಡೆ. ಪೋಸ್ಟ್‌ಗ್ರೆಸ್ ಆಗಿದ್ದರೆ ತಪ್ಪು ಎಂದು ಅಲ್ಲೇ ನಿಲ್ಲುತ್ತಿತ್ತು. ಆ ಜಗಳಗಂಟಿತನ ನನಗಿಷ್ಟ.

ಒಡೆಯುವ ಮುಂಚೆ ಕಾಮಾ ಎಣಿಸಿದ್ದು ಒಳ್ಳೆಯದಾಯಿತು. ಮೂವತ್ತೊಂದು ದಿನಕ್ಕೆ ಮೂವತ್ತು ಕಾಮಾ ಇರಬೇಕು. ಒಂದು ಮಾರ್ಚಿನಲ್ಲಿ ಇಪ್ಪತ್ತೊಂಬತ್ತೇ ಇತ್ತು. ಯಾವ ದಿನ ಬಿಟ್ಟುಹೋಯಿತೆಂದು ಯಾವ ಫಂಕ್ಷನ್ನೂ ಹೇಳಲಾರದು. ಅಟ್ಟದಿಂದ ಡೈರಿ ಇಳಿಸಿ ನೋಡಿದೆವು. ಹತ್ತೊಂಬತ್ತನೇ ತಾರೀಖಿನ ಎದುರು ಮಳೆಯ ಲೆಕ್ಕವೇ ಇಲ್ಲ, ಮಾವನ ಕೈಬರಹದಲ್ಲಿ ಎರಡೇ ಪದ: "ಕುಟ್ಟದಲ್ಲಿ ಮದುವೆ."

ನಮಸ್ಕಾರ.