ಒಂದನ್ನೊಂದು ತಡೆಯುವ ಜೋಡಿ: ಎಲೆಕ್ಟ್ರಾನಿಕ್ ಚಿಪ್‌ನಲ್ಲಿ, ಬೆನ್ನುಹುರಿಯಲ್ಲಿ, ಬ್ಯಾಕ್ಟೀರಿಯಾದಲ್ಲಿ

[ಪರದೆಯ ಮೇಲೆ: ಎರಡು ವೃತ್ತಗಳು. ಪ್ರತಿಯೊಂದರಿಂದಲೂ ಇನ್ನೊಂದಕ್ಕೆ ಒಂದು ತಡೆಗೆರೆ.]

ನಿರೂಪಣೆ:
ನಮಸ್ಕಾರ. ಈ ಚಿತ್ರದಲ್ಲಿ ಎರಡು ಘಟಕಗಳಿವೆ. ಮೊದಲನೆಯದು ಚುರುಕಾಗಿದ್ದರೆ ಎರಡನೆಯದನ್ನು ಅಡಗಿಸುತ್ತದೆ. ಎರಡನೆಯದು ಚುರುಕಾಗಿದ್ದರೆ ಮೊದಲನೆಯದನ್ನು ಅಡಗಿಸುತ್ತದೆ. ಎಲೆಕ್ಟ್ರಾನಿಕ್ಸ್, ನರವಿಜ್ಞಾನ, ತಳಿವಿಜ್ಞಾನ ಈ ಮೂರರಲ್ಲಿ ಯಾವುದನ್ನು ಓದಿದವರಿಗೂ ಈ ಚಿತ್ರದ ಪರಿಚಯವಿರುತ್ತದೆ, ಮೂವರೂ ಇದನ್ನು ಸರ್ಕ್ಯೂಟ್ ಎಂದೇ ಕರೆಯುತ್ತಾರೆ. ಈ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಇಂದು ನೋಡೋಣ.

[ಪರದೆಯ ಮೇಲೆ: ಎರಡು ವಾಲ್ವ್‌ಗಳ ರೇಖಾಚಿತ್ರ]

ಬ್ರಿಟನ್ನಿನ ವಿಲಿಯಂ ಎಕ್ಲೆಸ್ ಮತ್ತು ಫ್ರಾಂಕ್ ಜೋರ್ಡನ್ 1918ರಲ್ಲಿ ಎರಡು ವಾಲ್ವ್‌ಗಳನ್ನು (ಟ್ರಾನ್ಸಿಸ್ಟರ್‌ಗೂ ಮುಂಚೆ ವಿದ್ಯುತ್ ಹರಿವನ್ನು ನಿಯಂತ್ರಿಸುತ್ತಿದ್ದ ನಿರ್ವಾತ ನಳಿಗೆಗಳನ್ನು) ಹೀಗೆ ಅಡ್ಡಡ್ಡಲಾಗಿ ಜೋಡಿಸಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಒಮ್ಮೆ ಒಂದು ಕಡೆಗೆ ವಾಲಿದ ಈ ಜೋಡಿ, ಹೊರಗಿನಿಂದ ಇನ್ನೊಂದು ಸಂಕೇತ ಬರುವವರೆಗೂ ಅಲ್ಲೇ ನಿಲ್ಲುತ್ತದೆ. ಅಂದರೆ ತನಗೆ ಕೊನೆಯದಾಗಿ ಬಂದ ಸಂಕೇತ ಯಾವುದೆಂದು ಅದು ನೆನಪಿಟ್ಟುಕೊಂಡಿರುತ್ತದೆ. ಫ್ಲಿಪ್-ಫ್ಲಾಪ್ ಎಂದು ನಾವು ಕರೆಯುವುದು ಇದನ್ನೇ. ಇಂದಿನ ಪ್ರೊಸೆಸರ್‌ಗಳ ಕ್ಯಾಶ್ ಎಂಬ ವೇಗದ ಮೆಮೊರಿಯಲ್ಲಿ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್‌ಗಳು ಸೇರಿ ಒಂದು ಬಿಟ್, ಅಂದರೆ ಒಂದು 0 ಅಥವಾ 1, ಕಾಯುತ್ತವೆ, ಅವುಗಳಲ್ಲಿ ನಾಲ್ಕು ಇದೇ ಜೋಡಿಯನ್ನು ರೂಪಿಸಿರುತ್ತವೆ.

[ಪರದೆಯ ಮೇಲೆ: ಬೆನ್ನುಹುರಿಯ ಅಡ್ಡಛೇದ; ಹಿಂಗಾಲಿನ ಎರಡು ಸ್ನಾಯುಗಳು ಸರದಿಯಂತೆ ಬಿಗಿಯುವುದು]

ಅದಕ್ಕೂ ಮೊದಲೇ, 1911ರಲ್ಲಿ, ಶರೀರಕ್ರಿಯಾ ವಿಜ್ಞಾನಿ ಥಾಮಸ್ ಗ್ರಹಾಂ ಬ್ರೌನ್ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದ್ದರು. ಮಿದುಳಿನ ಸಂಪರ್ಕವನ್ನು ಕಡಿದು, ಕಾಲಿನಿಂದ ಬೆನ್ನುಹುರಿಗೆ ಬರುವ ಸಂವೇದನೆಯ ನರಗಳನ್ನೂ ಕಡಿದ ಮೇಲೆಯೂ, ಹಿಂಗಾಲನ್ನು ಮಡಿಸುವ ಸ್ನಾಯು ಮತ್ತು ಚಾಚುವ ಸ್ನಾಯು ಸರದಿಯಂತೆ ಬಿಗಿಯುತ್ತಲೇ ಇದ್ದವು. ಹೆಜ್ಜೆಯ ಲಯ ಬೆನ್ನುಹುರಿಯಲ್ಲೇ ಹುಟ್ಟುತ್ತದೆ ಎಂಬುದು ಇದರಿಂದ ತಿಳಿಯಿತು. ಪರಸ್ಪರ ತಡೆಯುವ ಎರಡು ನರಕೇಂದ್ರಗಳು ಇದಕ್ಕೆ ಕಾರಣ ಎಂದು ಅವರು ವಿವರಿಸಿದರು.

ಆದರೆ ಇಲ್ಲೊಂದು ಪ್ರಶ್ನೆ ಏಳಬೇಕು. ವಾಲ್ವ್‌ಗಳ ಜೋಡಿ ಒಂದೇ ಸ್ಥಿತಿಯಲ್ಲಿ ನಿಲ್ಲುವುದಾದರೆ, ನರಗಳ ಜೋಡಿ ಸರದಿ ಬದಲಿಸುವುದೇಕೆ? ಉತ್ತರ ದಣಿವಿನಲ್ಲಿದೆ. ಮೇಲುಗೈ ಪಡೆದ ಕೇಂದ್ರ ಸ್ವಲ್ಪ ಹೊತ್ತಿಗೆ ದಣಿಯುತ್ತದೆ, ಅದರ ತಡೆ ಸಡಿಲಗೊಳ್ಳುತ್ತದೆ, ಇನ್ನೊಂದು ಮೇಲೇಳುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲಿ ತಾನಾಗಿಯೇ ಸರದಿ ಬದಲಿಸುತ್ತಿರುವ ಮಲ್ಟಿವೈಬ್ರೇಟರ್ ಎಂಬ ಜೋಡಿಯಲ್ಲಿ ಈ ದಣಿವಿನ ಕೆಲಸವನ್ನು, ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್ ಮಾಡುತ್ತದೆ. ಒಂದೇ ಜೋಡಣೆ, ದಣಿವಿಲ್ಲದಿದ್ದರೆ ನೆನಪಾಗುತ್ತದೆ, ದಣಿವಿದ್ದರೆ ಲಯವಾಗುತ್ತದೆ. ಮೂರು ಶಾಸ್ತ್ರಗಳನ್ನು ಅಕ್ಕಪಕ್ಕ ಇಟ್ಟು ಓದುವುದರ ನಿಜವಾದ ಲಾಭ ಇಂಥಲ್ಲೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ.

[ಪರದೆಯ ಮೇಲೆ: ಹಸಿರಾಗಿ ಹೊಳೆಯುವ ಬ್ಯಾಕ್ಟೀರಿಯಾಗಳು]

ಜೀನ್‌ಗಳ ಸರದಿ ಬಂದದ್ದು ತಡವಾಗಿ. ಒಂದು ಜೀನ್‌ನಿಂದ ತಯಾರಾದ ವಸ್ತು ಬೇರೆ ಜೀನ್‌ಗಳನ್ನು ತಡೆಯಬಲ್ಲದು ಎಂಬುದನ್ನು ಫ್ರಾನ್ಸಿನ ಜೀವವಿಜ್ಞಾನಿಗಳಾದ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ವಿವರಿಸಿದ್ದರು; ಆ ವಸ್ತು ಪ್ರೋಟೀನ್ ಎಂಬುದು ಆಮೇಲೆ ತಿಳಿಯಿತು. ಅಂಥ ಎರಡು ತಡೆ ಪ್ರೋಟೀನ್‌ಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿ, ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸ್ವಿಚ್ಚೊಂದನ್ನು ಕಟ್ಟಿದ ವರದಿಯನ್ನು ಗಾರ್ಡ್ನರ್, ಕ್ಯಾಂಟರ್ ಮತ್ತು ಕಾಲಿನ್ಸ್ 2000ದ ಜನವರಿಯಲ್ಲಿ ಪ್ರಕಟಿಸಿದರು. ಐಪಿಟಿಜಿ ಎಂಬ ರಾಸಾಯನಿಕವನ್ನು ಬೆರೆಸಿದರೆ ಜೀವಕೋಶ ಹಸಿರು ಬೆಳಕು ಬೀರುವ ಪ್ರೋಟೀನನ್ನು ತಯಾರಿಸತೊಡಗುತ್ತದೆ. ರಾಸಾಯನಿಕವನ್ನು ತೊಳೆದು ತೆಗೆದ ಮೇಲೂ, ಕೋಶ ಒಡೆದು ಮರಿಕೋಶಗಳಾದ ಮೇಲೂ ಹೊಳೆಯುತ್ತಲೇ ಇರುತ್ತದೆ. ಅವರು ಕಟ್ಟಿದ ಒಂದು ಬಗೆಯ ಸ್ವಿಚ್ಚನ್ನು 42 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಅದು ಹಿಂದಿನ ಸ್ಥಿತಿಗೆ ಮರಳುತ್ತದೆ. ವೇಗದ ಮಾತೆತ್ತಿದರೆ ಮಾತ್ರ ಎಲೆಕ್ಟ್ರಾನಿಕ್ಸ್‌ನವರು ನಕ್ಕಾರು: ಟ್ರಾನ್ಸಿಸ್ಟರ್ ನ್ಯಾನೋಸೆಕೆಂಡಿಗೂ ಕಡಿಮೆ ಅವಧಿಯಲ್ಲಿ, ನರಕೋಶ ಮಿಲಿಸೆಕೆಂಡುಗಳಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಗಂಟೆಗಳೇ ಹಿಡಿಯುತ್ತವೆ.

ವೇಗಕ್ಕಿಂತ ದೊಡ್ಡ ವ್ಯತ್ಯಾಸ ತಂತಿಯದು. ಚಿಪ್‌ನಲ್ಲಿ ಸಂಕೇತ ಎಲ್ಲಿಗೆ ಹೋಗಬೇಕೆಂಬುದನ್ನು ತಂತಿ ನಿರ್ಧರಿಸುತ್ತದೆ. ನರಕೋಶಕ್ಕೂ ಆಕ್ಸಾನ್ ಎಂಬ ಉದ್ದನೆಯ ತಂತು ಇದೆ. ಬ್ಯಾಕ್ಟೀರಿಯಾದೊಳಗೆ ತಂತಿಯಿಲ್ಲ. ಅಲ್ಲಿ ಸಂಕೇತ ಕಳಿಸುವುದೆಂದರೆ ಜಾತ್ರೆಯ ನಡುವೆ ನಿಂತು ಹೆಸರು ಹಿಡಿದು ಕೂಗಿದಂತೆ: ಕೂಗು ಎಲ್ಲರಿಗೂ ಕೇಳಿಸುತ್ತದೆ, ಆ ಹೆಸರಿನವರು ಮಾತ್ರ ತಿರುಗುತ್ತಾರೆ, ಒಂದೇ ಹೆಸರಿನ ಇಬ್ಬರಿದ್ದರೆ ಇಬ್ಬರೂ ತಿರುಗುತ್ತಾರೆ. ಆದ್ದರಿಂದ ಒಂದೇ ತಡೆ ಪ್ರೋಟೀನನ್ನು ಒಂದೇ ಕೋಶದಲ್ಲಿ ಎರಡು ಬೇರೆ ಕೆಲಸಗಳಿಗೆ ಬಳಸಲಾಗದು. ಗಾರ್ಡ್ನರ್ ತಂಡದ ವರದಿಯ ಜೊತೆಗೇ ಪ್ರಕಟವಾದ, ಎಲೋವಿಟ್ಜ್ ಮತ್ತು ಲೀಬ್ಲರ್ ಕಟ್ಟಿದ ಲಯದ ಸರ್ಕ್ಯೂಟಿಗೆ ಮೂರು ಬೇರೆ ಬೇರೆ ತಡೆ ಪ್ರೋಟೀನ್‌ಗಳು ಬೇಕಾದದ್ದು ಇದಕ್ಕಾಗಿಯೇ. ಸಾಲದ್ದಕ್ಕೆ, ಹೊಸದಾಗಿ ಸೇರಿಸಿದ ಜೀನ್‌ಗಳೂ ಕೋಶದ ಸ್ವಂತ ಜೀನ್‌ಗಳೂ ಪ್ರೋಟೀನ್ ತಯಾರಿಸುವ ಅವೇ ರೈಬೋಸೋಮ್‌ಗಳನ್ನು ಹಂಚಿಕೊಳ್ಳಬೇಕಾಗಿರುವುದರಿಂದ, ಸರ್ಕ್ಯೂಟ್ ದೊಡ್ಡದಾದಷ್ಟೂ ಬ್ಯಾಕ್ಟೀರಿಯಾದ ಬೆಳವಣಿಗೆಯೇ ನಿಧಾನವಾಗುತ್ತದೆ.