ಡೆಮೊ ನಮ್ಮ ಲ್ಯಾಬಿನಲ್ಲಿ ಆಗಲಿ

ಕೇಳುಗರೇ, ನಮಸ್ಕಾರ.

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂದರೆ, ಲೈನ್ ಮೇಲೆ ಬಿದ್ದ ಮರವನ್ನು ಲೈನ್‌ಮನ್‌ಗಳು ಕಡಿದು ತೆಗೆಯುವವರೆಗೂ ಬರುವುದಿಲ್ಲ. ಇವತ್ತು ಮಾತಾಡಲು ಬಂದಿರುವುದು ಆನ್‌ಲೈನ್ ಪರೀಕ್ಷೆಯ ಸಾಫ್ಟ್‌ವೇರ್ ಬಗ್ಗೆ. ಆದರೂ ಕರೆಂಟಿನಿಂದಲೇ ಶುರು ಮಾಡಿದೆ, ಯಾಕೆಂದರೆ ಈ ವಿಷಯ ನನಗೆ ಸರಿಯಾಗಿ ಅರ್ಥವಾಗಿದ್ದೇ ಕರೆಂಟ್ ಹೋದಾಗ.

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದವರು ಇಂಟರ್ನಲ್ಸನ್ನು, ಅಂದರೆ ಸೆಮಿಸ್ಟರ್ ನಡುವೆ ಕಾಲೇಜಿನಲ್ಲೇ ನಡೆಯುವ ಪರೀಕ್ಷೆಗಳನ್ನು, ಕಂಪ್ಯೂಟರಿನಲ್ಲೇ ನಡೆಸೋಣ ಅಂದರು. ಯಾವ ಸಾಫ್ಟ್‌ವೇರ್ ತಗೊಳ್ಳಬೇಕು ಅಂತ ನೋಡಲು ಒಂದು ಸಮಿತಿ ಆಯಿತು. ಕಾಲೇಜುಗಳ ಕಡೆಯಿಂದ ನಾನೂ ಇದ್ದೆ. ಮೊದಲು ಒಂದು ಕಂಪನಿಯವರು ಡೆಮೊ ತೋರಿಸಲು ಬಂದರು. ಎಸಿ ಹಾಲ್, ದೊಡ್ಡ ಪರದೆ, ಅವರದೇ ಲ್ಯಾಪ್‌ಟಾಪ್, ಅವರದೇ ಇಂಟರ್ನೆಟ್, ಅವರೇ ತಂದ ಇಂಗ್ಲಿಷ್ ಪ್ರಶ್ನೆಗಳು. ಐದು ಜನ ಲಾಗಿನ್ ಆದರು, ಐದೂ ಜನರ ಅಂಕ ಆ ಕ್ಷಣದಲ್ಲೇ ಬಂತು. ಎಲ್ಲರಿಗೂ ಇಷ್ಟವಾಯಿತು. ನಾನು ಕೇಳಿದ್ದು ಒಂದೇ, "ಸರ್, ಇದನ್ನೇ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಸಲ ಮಾಡಿ ತೋರಿಸ್ತೀರಾ?"

ಬಂದರು. ಲ್ಯಾಬಿನಲ್ಲಿ ಒಟ್ಟು 40 ಕಂಪ್ಯೂಟರ್, ಅದರಲ್ಲಿ 33 ಸರಿಯಾಗಿದ್ದವು. ಎರಡನೇ ವರ್ಷದ ಬಿಎ ಮಕ್ಕಳನ್ನು ಕೂರಿಸಿದೆವು. ಸುಮ್ನೆ ಒಂದು ಟೆಸ್ಟ್, ಅಂಕ ಲೆಕ್ಕಕ್ಕಿಲ್ಲ ಅಂತ ಹೇಳಿಯೇ ಕೂರಿಸಿದ್ದು. ಹತ್ತು ನಿಮಿಷ ಆದ ಮೇಲೆ ಲ್ಯಾಬ್ ಸಹಾಯಕರಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಮತ್ತೆ ಆನ್ ಮಾಡಿ, ಕಂಪ್ಯೂಟರ್ ಶುರುವಾಗಿ, ಮಕ್ಕಳು ಲಾಗಿನ್ ಆದರೆ ಪರದೆ ಮೇಲೆ ಬಂದ ಸಾಲು, "ನೀವು ಈಗಾಗಲೇ ಈ ಪರೀಕ್ಷೆ ಬರೆದಿದ್ದೀರಿ" ಅಂತ. ಉತ್ತರ ಒಂದೂ ಇರಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ತಿರುಗಿ ನನ್ನ ಮುಖ ನೋಡಿದಳು. ಅಂಕಕ್ಕಿಲ್ಲದ ಟೆಸ್ಟ್ ಅಂತ ಗೊತ್ತಿದ್ದೂ ಅವಳ ಕೈ ನಡುಗುತ್ತಿತ್ತು. ನಿಜವಾದ ಪರೀಕ್ಷೆಯಲ್ಲಿ ಆಗಿದ್ದರೆ ಏನು ಹೇಳುತ್ತಿದ್ದೆ ಅವಳಿಗೆ?

ಹಾಗಾಗಿ ಯಾವ ಸಾಫ್ಟ್‌ವೇರ್ ಬಂದರೂ ನಾನು ಮೊದಲು ಕೇಳುವುದು, ಮಗು ಒತ್ತಿದ ಉತ್ತರ ಯಾವಾಗ, ಎಲ್ಲರ ಉತ್ತರ ಸೇರುವ ದೊಡ್ಡ ಕಂಪ್ಯೂಟರ್ ಆದ ಸರ್ವರ್‌ಗೆ ಹೋಗಿ ಕೂರುತ್ತದೆ ಅಂತ. ಕೊನೆಯಲ್ಲಿ ಸಬ್ಮಿಟ್ ಒತ್ತಿದಾಗ ಮಾತ್ರವಾ, ಅಥವಾ ಆಗಾಗ ತಾನೇ ಹೋಗುತ್ತದಾ? ಆನ್‌ಲೈನ್ ಪಾಠ, ಪರೀಕ್ಷೆ ನಡೆಸಲು ಮೂಡಲ್ ಅಂತ ಒಂದು ಸಾಫ್ಟ್‌ವೇರ್ ಇದೆ. ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಾಸ್ ಶುರು ಮಾಡಿದ್ದು, 2002ರಲ್ಲಿ ಮೊದಲ ಆವೃತ್ತಿ ಬಂತು, ಯಾರು ಬೇಕಾದರೂ ದುಡ್ಡು ಕೊಡದೆ ಹಾಕಿಕೊಳ್ಳಬಹುದು. ಅದರಲ್ಲಿ ಬರೆಯುತ್ತಿದ್ದಂತೆ ಉತ್ತರಗಳು ತಾವಾಗಿಯೇ ಸೇವ್ ಆಗುತ್ತವೆ, ನೆಟ್ ಹೋದರೆ ಪರದೆ ಮೇಲೆ ಎಚ್ಚರಿಕೆ ಬರುತ್ತದೆ, ಕಂಪ್ಯೂಟರ್ ಆಫ್ ಆದರೂ ಮತ್ತೆ ಲಾಗಿನ್ ಆಗಿ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಕರೆಂಟ್ ಇಲ್ಲದ ಹೊತ್ತಿನಲ್ಲೂ ಗಡಿಯಾರ ಓಡುತ್ತಲೇ ಇರುತ್ತದೆ. ಆ ಸಮಯವನ್ನು ಮೇಷ್ಟ್ರು ಆಮೇಲೆ ಸೇರಿಸಿ ಕೊಡಬೇಕು. ಸೇರಿಸುವುದು ಎಲ್ಲಿ ಅಂತ ಪರೀಕ್ಷೆಯ ದಿನ ಹುಡುಕುತ್ತಾ ಕೂತರೆ ಆಗುವುದಿಲ್ಲ, ಮೊದಲೇ ಕೈ ಪಳಗಿರಬೇಕು. ಮತ್ತೆ, ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಖರ್ಚೇ ಇಲ್ಲ ಅಂತ ಯಾರೂ ತಿಳಿಯಬೇಡಿ. ಸರ್ವರ್ ಬೇಕು. ಅದನ್ನು ನೋಡಿಕೊಳ್ಳುವ ಇಬ್ಬರು ಮೂವರು ಕಾಯಂ ಜನ ಬೇಕೇ ಬೇಕು.

ಇನ್ನು ಹತ್ತು ಗಂಟೆಯ ನೂಕುನುಗ್ಗಲು. ಸಂತೆ ದಿನದ ಬಸ್ಸು ನೋಡಿದ್ದೀರಲ್ಲ, ಒಂದೇ ಬಾಗಿಲಿಗೆ ಊರೆಲ್ಲ ನುಗ್ಗುತ್ತದೆ. ಬೆಳಿಗ್ಗೆ 10 ಗಂಟೆಗೆ ಎಲ್ಲ ಕಾಲೇಜಿನ ಮಕ್ಕಳೂ ಒಟ್ಟಿಗೆ ಸ್ಟಾರ್ಟ್ ಒತ್ತಿದರೆ ಸರ್ವರ್‌ಗೆ ಆಗುವುದೂ ಅದೇ. ದೊಡ್ಡವರೇ ಎಡವಿದ್ದಾರೆ. ಐಐಎಂ ಅನ್ನುವ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆ ಕ್ಯಾಟ್ 2009ರಲ್ಲಿ ಮೊದಲ ಸಲ ಕಂಪ್ಯೂಟರಿಗೆ ಬಂದಾಗ ಮೊದಲ ದಿನವೇ ಎಷ್ಟೋ ಕೇಂದ್ರಗಳಲ್ಲಿ ನಿಂತುಹೋಯಿತು, ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಅಂದರು, ಎಷ್ಟೋ ಮಕ್ಕಳು ಇನ್ನೊಂದು ದಿನ ಮತ್ತೆ ಬರೆಯಬೇಕಾಯಿತು. 2022ರಲ್ಲಿ ಪದವಿ ಪ್ರವೇಶಕ್ಕೆ ನಡೆದ ಸಿಯುಇಟಿ ಪರೀಕ್ಷೆಯಲ್ಲೂ ತಾಂತ್ರಿಕ ತೊಂದರೆಯಿಂದ ಕೆಲವು ಕೇಂದ್ರಗಳ ಪರೀಕ್ಷೆ ರದ್ದಾಯಿತು. ಅದಕ್ಕೇ ನಾವು ಪರೀಕ್ಷೆಯನ್ನು ಮೂರು ಪಾಳಿ ಮಾಡಬೇಕು ಅಂತ ಹಟ ಹಿಡಿದೆವು. ಪ್ರಶ್ನೆ ಬ್ಯಾಂಕ್, ಅಂದರೆ ಮೊದಲೇ ಮಾಡಿಟ್ಟ ಪ್ರಶ್ನೆಗಳ ಸಂಗ್ರಹ, ದೊಡ್ಡದಿದ್ದರೆ ಪಾಳಿಗೊಂದು ಪತ್ರಿಕೆ ಕೊಡಬಹುದು.

ಆ ಪ್ರಶ್ನೆ ಬ್ಯಾಂಕ್ ವಿಷಯಕ್ಕೆ ಬಂದರೆ ನನಗೆ ಈಗಲೂ ಸಂಕಟವಾಗುತ್ತದೆ. ಕಂಪನಿಯವರು ಕನ್ನಡ ಇದೆ ಅಂದಿದ್ದರು. ಇತ್ತು, ಆದರೆ ಮೆನುವಿನಲ್ಲಿ ಮಾತ್ರ. ನಮ್ಮ ಪ್ರಶ್ನೆಗಳೆಲ್ಲ ವರ್ಷಗಟ್ಟಲೆ ನುಡಿ ಅನ್ನುವ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದವು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಕಾಪಿ ಮಾಡಿ ಅಂಟಿಸಿದ ಕೂಡಲೇ ಕನ್ನಡ ಹೋಗಿ ತಲೆಬುಡವಿಲ್ಲದ ಚಿಹ್ನೆಗಳು ನಿಂತವು. ಎಲ್ಲವನ್ನೂ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಿಸಬೇಕಾಯಿತು. ಬದಲಿಸುವ ತಂತ್ರಾಂಶ ಇದೆ, ಆದರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟುಹೋಗಿರುತ್ತವೆ, ಒಂದೊಂದು ಪ್ರಶ್ನೆಯನ್ನೂ ಮೇಷ್ಟ್ರೇ ಓದಿ ತಿದ್ದಬೇಕು. ಒಂದು ಪದದ ಉತ್ತರದಲ್ಲಿ ಇನ್ನೊಂದು ಕಷ್ಟ. ಪಂಪ ಅಂತ ಟೈಪ್ ಮಾಡುವಾಗ ಒಬ್ಬ ಹುಡುಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತಿದ್ದ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಬೇರೆ ಬೇರೆ. ತಪ್ಪು ಅಂತ ಅಂಕ ಕಳೆಯಿತು. ಸರಿಯುತ್ತರ ಬರೆದವನಿಗೆ ಸೊನ್ನೆ ಬಂದರೆ ಅದು ಅನ್ಯಾಯ ಅಲ್ವಾ? ಹಾಗಾಗಿ ಕನ್ನಡ ಟೈಪ್ ಮಾಡುವ ಉತ್ತರಗಳನ್ನೆಲ್ಲ ಮೇಷ್ಟ್ರು ಒಮ್ಮೆ ನೋಡಲೇಬೇಕು ಅಂತ ತೀರ್ಮಾನ ಮಾಡಿದೆವು.

ಸಮಿತಿಯಲ್ಲಿ ಒಬ್ಬರು, ಮಕ್ಕಳು ಮನೆಯಿಂದಲೇ ಬರೆಯಲಿ, ಕ್ಯಾಮೆರಾದಲ್ಲಿ ನೋಡೋಣ ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಫೋಟೋ ನಿಮಗೆ ನೆನಪಿರಬಹುದು. ನೆಟ್‌ವರ್ಕ್ ಸಿಗುವ ರಸ್ತೆ ಪಕ್ಕ ಮಗಳು ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಮಳೆ ಸುರಿಯುತ್ತಿದೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅಂಥ ಕಡೆ ಪರೀಕ್ಷೆ ಬರೆಯಿಸುವುದಾ? ಒಂದೇ ಕೋಣೆಯ ಮನೆಯಲ್ಲಿ ಅಮ್ಮ ಅಡುಗೆ ಮಾಡುತ್ತಾ ಓಡಾಡಿದರೆ ಕ್ಯಾಮೆರಾ ಅದನ್ನು ನಕಲು ಅಂತ ಗುರುತು ಹಾಕುವುದಾ? ಅಮೆರಿಕದ ಓಹಾಯೋದಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯ ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಲು ಹೇಳಿತ್ತು, 2022ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ನಮ್ಮ ಮಕ್ಕಳು ಕಾಲೇಜಿಗೇ ಬಂದು ಬರೆಯಲಿ, ಕೋಣೆಯಲ್ಲಿ ಒಬ್ಬ ಮೇಷ್ಟ್ರು ಇದ್ದರೆ ಸಾಕು. ಬೇರೆ ವೆಬ್‌ಸೈಟ್ ತೆರೆಯದ ಹಾಗೆ ಬೀಗ ಹಾಕಲು ಸೇಫ್ ಎಕ್ಸಾಮ್ ಬ್ರೌಸರ್ ಇದೆ, ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನಲ್ಲಿ ಮಾಡಿದ್ದು, ಅದೂ ಪುಕ್ಕಟೆ.

ಅಂದಿನ ಟೆಸ್ಟ್‌ಗೆ ಕೂತವರಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಳು. ಪರದೆ ಓದಿ ಹೇಳುವ ಎನ್‌ವಿಡಿಎ ಅನ್ನುವ ತಂತ್ರಾಂಶ ಬಳಸುತ್ತಾಳೆ, ಮೌಸ್ ಮುಟ್ಟುವುದಿಲ್ಲ. ಕಂಪನಿಯವರ ಸಾಫ್ಟ್‌ವೇರಿನಲ್ಲಿ ಮುಂದಿನ ಪ್ರಶ್ನೆಗೆ ಹೋಗುವ ಗುಂಡಿಯೇ ಅವಳಿಗೆ ಸಿಗಲಿಲ್ಲ. ಆಗ ಇದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಇಂಥ ಮಕ್ಕಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕಿತ್ತು. ಒಬ್ಬರಿಗೆ ಮಾತ್ರ ಸಮಯ ಹೆಚ್ಚಿಸುವುದು ಹೇಗೆ ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇರಲಿಲ್ಲ.

ಇವನ್ನೆಲ್ಲ ಟೆಂಡರಿನ ತಾಂತ್ರಿಕ ಷರತ್ತಿನಲ್ಲೇ ಬರೆದಿರಬೇಕು. ಬರೆಯದೆ ಬಿಟ್ಟರೆ ಕಡಿಮೆ ರೇಟ್ ಹಾಕಿದವರಿಗೇ ಟೆಂಡರ್ ಹೋಗುತ್ತದೆ, ಆಮೇಲೆ ಕೇಳಲು ಬರುವುದಿಲ್ಲ. ಒಪ್ಪಂದ ಮುಗಿದ ದಿನ ನಮ್ಮ ಪ್ರಶ್ನೆಗಳು, ಮಕ್ಕಳ ಅಂಕ ಎಲ್ಲವೂ ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯುವ ರೂಪದಲ್ಲಿ ವಾಪಸ್ ಬರಬೇಕು ಅನ್ನುವ ಸಾಲನ್ನೂ ಮರೆಯಬೇಡಿ. ನಾಲ್ಕು ನೂರು ಮೇಷ್ಟ್ರುಗಳು ಕೂತು ಮಾಡಿದ ಪ್ರಶ್ನೆಗಳವು.

ಕೊನೆಗೆ ನಾವು ಇಂಟರ್ನಲ್ಸಿಗೆ ಮೂಡಲ್ ಆರಿಸಿದೆವು, ಸೆಮಿಸ್ಟರ್ ಪರೀಕ್ಷೆ ಸದ್ಯಕ್ಕೆ ಕಾಗದದ ಮೇಲೇ ಇರಲಿ ಅಂದೆವು. ಕಳೆದ ಆಗಸ್ಟಿನಲ್ಲಿ ಮೊದಲ ಇಂಟರ್ನಲ್ಸ್ ನಡೆಯಿತು. ಜೋರು ಮಳೆ. ಪರೀಕ್ಷೆ ಶುರುವಾಗಿ ಅರ್ಧ ಗಂಟೆಗೆ ಕರೆಂಟ್ ಹೋಯಿತು, ಯುಪಿಎಸ್ ಹತ್ತು ನಿಮಿಷ ತಡೆದು ಅದೂ ನಿಂತಿತು. ಲ್ಯಾಬಿನಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಕಿಟಕಿ ಪಕ್ಕ ಕೂತಿದ್ದ, ಕಣ್ಣು ಕಾಣದ ಆ ಹುಡುಗಿ, ಕಿವಿಯಿಂದ ಇಯರ್‌ಫೋನ್ ತೆಗೆದು, "ಮೇಡಂ, ನನ್ನ ಉತ್ತರ ಅಲ್ಲೇ ಇರ್ತಾವಾ?" ಅಂತ ಕೇಳಿದಳು.

"ಇರ್ತಾವೆ ಕಣಮ್ಮ" ಅಂದೆ. ಮೂಡಲ್‌ನಲ್ಲೂ ಮೇನ್ ಸ್ವಿಚ್ ಆಫ್ ಮಾಡಿಸಿ ಮೂರು ಸಲ ನೋಡಿದ್ದೆನಲ್ಲ.

ನಮಸ್ಕಾರ.